ಕೌತುಕದ ಕೋಣೆ ಕಟ್ಟೋಣ: ಸಂಗ್ರಹ ಮತ್ತು ಪ್ರಕೃತಿಯ ವಿಚಿತ್ರಗಳ ಸುತ್ತ ಒಂದು ಗುಂಪು ಕಲಾಪ್ರದರ್ಶನ ಮಾಡುವ ಬಗೆ

ಚಿಪ್ಪು, ಗರಿ, ಒಣಗಿದ ಬೀಜ, ಖಾಲಿ ಗೂಡು, ಪಳೆಯುಳಿಕೆ, ಹಳೆಯ ಭೂತಗನ್ನಡಿ. ಇವುಗಳ ಸುತ್ತ ಒಂದು ಗುಂಪು ಪ್ರದರ್ಶನ ಮಾಡೋಣ ಅಂದರೆ ಕಲಾವಿದರು ಕೂಡಲೇ ಒಪ್ಪಿಕೊಳ್ಳುತ್ತಾರೆ. ಹೆಚ್ಚಿನವರ ಮನೆಯಲ್ಲಿ ಇಂಥದ್ದೊಂದು ಡಬ್ಬಿ ಮೊದಲೇ ಇರುತ್ತದೆ ನೋಡಿ. ತೊಂದರೆ ಶುರುವಾಗುವುದು ಆಮೇಲೆ. ಎಲ್ಲರೂ ಅವರವರ ಪಾಡಿಗೆ ಕೆಲಸ ಮಾಡಿ ತಂದರೆ ನಾಲ್ಕು ಚಿಟ್ಟೆ ಚಿತ್ರ, ಮೂರು ತಲೆಬುರುಡೆ, ಎರಡು ಗಾಜಿನ ಭರಣಿ ಬಂದು ಕೂರುತ್ತವೆ. ನೋಡುವವರು ಒಂದು ಸುತ್ತು ಹಾಕಿ, 'ಚೆನ್ನಾಗಿದೆ' ಅಂದು ಹೊರಗೆ ಹೋಗುತ್ತಾರೆ.

ನನ್ನ ಪ್ರಕಾರ ಇಂಥ ಪ್ರದರ್ಶನ ಗೆಲ್ಲುವುದೂ ಸೋಲುವುದೂ ಒಂದೇ ವಿಷಯದ ಮೇಲೆ: ಯಾವುದರ ಪಕ್ಕ ಯಾವುದನ್ನು ಇಟ್ಟಿರಿ. ಹಾಗಾಗಿ ಇಲ್ಲಿ ಜೋಡಣೆಗೆ, ವಸ್ತುಗಳ ಹಿನ್ನೆಲೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಪ್ರಚಾರ, ಉದ್ಘಾಟನೆಗೆಲ್ಲ ಕಡಿಮೆ. ಕನಿಷ್ಠ ಆರು ತಿಂಗಳು ಕೈಯಲ್ಲಿರಲಿ.

1. ಮೊದಲು ಹಳೆಯ ಕೋಣೆಗಳನ್ನು ನೋಡಿ

16 ಮತ್ತು 17ನೇ ಶತಮಾನದ ಯುರೋಪಿನಲ್ಲಿ ರಾಜರು, ವೈದ್ಯರು, ಔಷಧಿ ಮಾರುವವರು ಲೋಕದ ವಿಚಿತ್ರಗಳನ್ನೆಲ್ಲ ಒಂದೇ ಕೋಣೆಯಲ್ಲಿ ತುಂಬಿಡುತ್ತಿದ್ದರು. ಕೌತುಕದ ಕೋಣೆ ಅಂದರೆ ಇದೇ. ನೇಪಲ್ಸ್‌ನ ಫೆರಾಂಟೆ ಇಂಪೆರಾಟೊ ಅಂಥ ಒಬ್ಬ ಔಷಧಿ ವ್ಯಾಪಾರಿ. 1599ರಲ್ಲಿ ಬಂದ ಅವನ ಪುಸ್ತಕದಲ್ಲಿ ಅವನ ಕೋಣೆಯ ಕೆತ್ತನೆ ಚಿತ್ರ ಒಂದಿದೆ. ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ, ದೊಡ್ಡದು ಮಾಡಿ ನೋಡಿ. ಚಾವಣಿಯ ನಡುವೆ ಭಾರೀ ಮೊಸಳೆ. ಅದರ ಸುತ್ತ ಮೀನು, ಚಿಪ್ಪು, ಸಮುದ್ರದ ಇನ್ನೇನೇನೋ, ಒಂದು ಗೇಣು ಜಾಗವೂ ಬಿಡದ ಹಾಗೆ. ಗೋಡೆಗೆ ಕಪಾಟುಗಳು, ಪುಸ್ತಕಗಳು. ಒಬ್ಬ ಕೋಲೆತ್ತಿ ಮೇಲೆ ಏನನ್ನೋ ತೋರಿಸುತ್ತಿದ್ದಾನೆ.

ಇನ್ನೊಂದು ಚಿತ್ರ ಕೋಪನ್‌ಹೇಗನ್‌ನ ವೈದ್ಯ ಓಲೆ ವರ್ಮ್ ಎಂಬವನ ಸಂಗ್ರಹದ್ದು, 1655ರದ್ದು. ಅಲ್ಲಿ ಮೇಲಿಂದ ಕಯಾಕ್ ದೋಣಿ ತೂಗುತ್ತಿದೆ. ಕೆಳಗೆ ಕಲ್ಲು, ಲೋಹ, ಚಿಪ್ಪು ಅಂತ ಹೆಸರು ಬರೆದ ಪೆಟ್ಟಿಗೆಗಳ ಸಾಲು. ಈ ವರ್ಮ್‌ ಬಗ್ಗೆ ಒಂದು ಮಾತು ಹೇಳಲೇಬೇಕು. ಆಗ ಯುರೋಪಿನಲ್ಲಿ ಒಂಟಿಕೊಂಬಿನ ಕುದುರೆಯ ಕೊಂಬು ಅಂತ ಉದ್ದನೆಯ, ತಿರುಚಿದ ಕೊಂಬುಗಳನ್ನು ವಿಪರೀತ ಬೆಲೆಗೆ ಮಾರುತ್ತಿದ್ದರು. ಅದು ನಾರ್ವಾಲ್ ಎಂಬ ತಿಮಿಂಗಿಲದ ಹಲ್ಲು ಅಂತ 1638ರಲ್ಲಿ ತೋರಿಸಿಕೊಟ್ಟವನು ಇವನೇ. ಕೊಂಬಿನ ಜೊತೆ ತಲೆಬುರುಡೆಯೂ ಅಂಟಿಕೊಂಡಿದ್ದ ಒಂದು ಮಾದರಿ ಅವನ ಕೈಗೆ ಸಿಕ್ಕಿತ್ತು, ಅಷ್ಟೇ. ಕೊಂಬೊಂದೇ ಇದ್ದಾಗ ಅದು ಪವಾಡ, ಬುರುಡೆಯ ಜೊತೆ ಇಟ್ಟರೆ ಪ್ರಾಣಿ. ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ ವಸ್ತುವಿನ ಅರ್ಥವೇ ಬದಲಾಯಿತು ಅಲ್ವಾ? ನಿಮ್ಮ ಗುಂಪಿನ ಮೊದಲ ಸಭೆಯಲ್ಲಿ ಈ ಎರಡು ಚಿತ್ರಗಳನ್ನು ಗೋಡೆಗೆ ಅಂಟಿಸಿ, ಮಾತು ತಾನಾಗಿ ಶುರುವಾಗುತ್ತದೆ.

2. ವಿಷಯ ಸಾಕಾಗುವುದಿಲ್ಲ, ಪ್ರಶ್ನೆ ಬೇಕು

'ಪ್ರಕೃತಿ ಮತ್ತು ಸಂಗ್ರಹ' ಅಂದರೆ ಏನು ಬೇಕಾದರೂ ಬಂದು ಸೇರುತ್ತದೆ. ಅದನ್ನು ಒಂದು ಪ್ರಶ್ನೆಗೆ ಇಳಿಸಿ. ನನಗೆ ಇಷ್ಟವಾದ ಕೆಲವು ದಾರಿಗಳಿವು.

ಸಂಗ್ರಹಕಾರನಿಗೆ ಕಾಣದೆ ಹೋದದ್ದು ಏನು? ಸ್ವರ್ಗದ ಹಕ್ಕಿಗಳ ಚರ್ಮ ಯುರೋಪಿಗೆ ಮೊದಲು ಬಂದಾಗ ಕಾಲುಗಳನ್ನು ಕತ್ತರಿಸಿ ಒಣಗಿಸಿ ಕಳಿಸಿದ್ದರು. ಅದನ್ನು ನೋಡಿದವರು ಈ ಹಕ್ಕಿಗೆ ಕಾಲೇ ಇಲ್ಲ, ಜೀವನವಿಡೀ ಹಾರುತ್ತಲೇ ಇರುತ್ತದೆ ಅಂತ ನಂಬಿಬಿಟ್ಟರು. ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಚಿತ್ರಕಾರ್ತಿಗೂ ಇದೇ ಕಿರಿಕಿರಿ. ಆಮ್‌ಸ್ಟರ್‌ಡ್ಯಾಮ್‌ನ ಶ್ರೀಮಂತರ ಸಂಗ್ರಹಗಳಲ್ಲಿ ಕೀಟಗಳು ಸಾಲಾಗಿದ್ದವು, ಆದರೆ ಅವು ಎಲ್ಲಿಂದ ಬಂದವು, ಹೇಗೆ ಹುಟ್ಟಿ ಬೆಳೆದವು ಅನ್ನುವುದು ಗೊತ್ತಾಗುತ್ತಿರಲಿಲ್ಲ. 1699ರಲ್ಲಿ ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೊರಟೇಬಿಟ್ಟಳು. 1705ರಲ್ಲಿ ಬಂದ ಅವಳ ಚಿತ್ರಗಳಲ್ಲಿ ಮೊಟ್ಟೆ, ಹುಳು, ಗೂಡು, ಚಿಟ್ಟೆ ಎಲ್ಲವೂ ಅವು ತಿನ್ನುವ ಗಿಡದ ಮೇಲೆಯೇ ಇವೆ.

ನಿಜ ಯಾವುದು, ಕಟ್ಟಿದ್ದು ಯಾವುದು? ತೊರಕೆ (ರೇ) ಜಾತಿಯ ಚಪ್ಪಟೆ ಮೀನನ್ನು ಕತ್ತರಿಸಿ, ಮಡಚಿ, ಒಣಗಿಸಿ ಡ್ರ್ಯಾಗನ್ ಅಂತ ಮಾರುವವರಿದ್ದರು. ಮೋಸ ಹೋಗಬೇಡಿ ಅಂತ ಪ್ರಾಣಿಗಳ ಬಗ್ಗೆ ಬರೆದ ಸ್ವಿಸ್ ವಿದ್ವಾಂಸ ಕಾನ್ರಾಡ್ ಗೆಸ್ನರ್ 1558ರಲ್ಲೇ ಎಚ್ಚರಿಸಿದ್ದ. ಈ ಪ್ರಶ್ನೆ ಶಿಲ್ಪಿಗಳಿಗೆ ಹಬ್ಬ.

ಉಳಿದದ್ದು ಎಷ್ಟು? ಟ್ರೇಡ್ಸ್‌ಕ್ಯಾಂಟ್ ಎಂಬ ಇಂಗ್ಲೆಂಡಿನ ತೋಟಗಾರರ ಕುಟುಂಬದ ಸಂಗ್ರಹದಲ್ಲಿ, ಈಗ ಅಳಿದುಹೋಗಿರುವ ಡೋಡೋ ಹಕ್ಕಿ ಇಡಿಯಾಗಿ ಇತ್ತು. ಇವತ್ತು ಆಕ್ಸ್‌ಫರ್ಡ್‌ನ ಮ್ಯೂಸಿಯಂನಲ್ಲಿರುವುದು ಅದರ ತಲೆ ಮತ್ತು ಒಂದು ಪಾದ.

ಯಾವುದನ್ನೇ ಆರಿಸಿ, ಒಂದೇ ವಾಕ್ಯದಲ್ಲಿ ಬರೆಯಿರಿ. ಆ ವಾಕ್ಯಕ್ಕೆ ಉತ್ತರ ಕೊಡದ ಕೃತಿಯನ್ನು, ಎಷ್ಟೇ ಚೆನ್ನಾಗಿರಲಿ, ಬೇಡ ಅನ್ನುವ ಧೈರ್ಯ ಇರಬೇಕು. ಸ್ನೇಹಿತರ ಗುಂಪಾದರೆ ಇದು ಕಷ್ಟ, ಗೊತ್ತು. ಅದಕ್ಕೇ ವಾಕ್ಯ ಮೊದಲೇ ಬರೆದಿರಬೇಕು, ಆಗ ಬೇಡ ಅಂದದ್ದು ನೀವಲ್ಲ, ವಾಕ್ಯ.

3. ಜನ ಸೇರಿಸುವುದು

ಆರರಿಂದ ಹತ್ತು ಜನ ಸಾಕು. ಹದಿನೈದು ದಾಟಿದರೆ ಒಬ್ಬೊಬ್ಬರಿಗೆ ಒಂದೊಂದು ಕೃತಿ ಅನ್ನುವ ಹಂಚಿಕೆ ಶುರುವಾಗಿ ಜೋಡಣೆ ಹಾಳಾಗುತ್ತದೆ. ಚಿತ್ರ, ಮುದ್ರಣ, ಮಣ್ಣು, ಗಾಜು, ಬಟ್ಟೆ, ಫೋಟೋ, ಶಬ್ದ ಹೀಗೆ ಮಾಧ್ಯಮ ಬೇರೆಬೇರೆ ಇರಲಿ. ಕಲಾವಿದರಲ್ಲದ ಒಬ್ಬರನ್ನಾದರೂ ಸೇರಿಸಿಕೊಳ್ಳಿ. ಬೆಂಕಿಪೊಟ್ಟಣ, ಬೀಜ, ಮರಳು ಹೀಗೆ ಏನನ್ನಾದರೂ ವರ್ಷಗಟ್ಟಲೆ ಕೂಡಿಡುವ ಹುಚ್ಚಿನವರು. ಅವರ ಸಂಗ್ರಹದ ಒಂದು ಡ್ರಾಯರ್ ಹತ್ತು ಚಿತ್ರಗಳಿಗಿಂತ ಜಾಸ್ತಿ ಮಾತಾಡುವುದುಂಟು.

ಶುರುವಿನಲ್ಲೇ ಒಂದು ಅದಲುಬದಲು ಮಾಡಿ. ಪ್ರತಿಯೊಬ್ಬರೂ ತಾವು ಕೂಡಿಟ್ಟ ಒಂದು ವಸ್ತುವನ್ನು ತಂದು ಇನ್ನೊಬ್ಬರ ಕೈಗೆ ಕೊಡಬೇಕು, ಪಡೆದವರು ಅದನ್ನು ಆಧರಿಸಿ ಒಂದು ಸಣ್ಣ ಕೃತಿ ಮಾಡಬೇಕು, ವಸ್ತುವಿನ ಕಥೆ ಮಾತ್ರ ಕೇಳುವ ಹಾಗಿಲ್ಲ. ಪ್ರದರ್ಶನದಲ್ಲಿ ವಸ್ತು, ಕೃತಿ ಎರಡೂ ಅಕ್ಕಪಕ್ಕ ಕೂರುತ್ತವೆ. ಗುಂಪು ಪ್ರದರ್ಶನ ಅನ್ನುವ ಹೆಸರಿಗೆ ಆಗ ಅರ್ಥ ಬರುತ್ತದೆ. ಇಲ್ಲದಿದ್ದರೆ ಅದು ಒಂದೇ ಸೂರಿನಡಿ ಹತ್ತು ಜನರ ಹತ್ತು ಪ್ರದರ್ಶನ.

ಒಬ್ಬರು ಕ್ಯೂರೇಟರ್, ಅಂದರೆ ಏನನ್ನು ಎಲ್ಲಿ ಇಡಬೇಕು ಅಂತ ತೀರ್ಮಾನಿಸುವವರು, ಇರಲೇಬೇಕು, ಕೊನೆಯ ಮಾತು ಅವರದೇ ಆಗಿರಬೇಕು. ಅವರು ತಮ್ಮ ಕೃತಿಯನ್ನು ಇಡದಿದ್ದರೆ ಜಗಳ ಅರ್ಧ ಕಡಿಮೆ.

4. ಇದು ಎಲ್ಲಿಂದ ಬಂತು?

ಪ್ರತಿ ವಸ್ತುವಿಗೂ ಈ ಪ್ರಶ್ನೆ ಕೇಳಿ, ಉತ್ತರ ಬರೆದಿಡಿ: ಯಾರು, ಎಲ್ಲಿ, ಯಾವಾಗ, ಹೇಗೆ. 'ಸುಮ್ನೆ ದಾರಿಯಲ್ಲಿ ಬಿದ್ದಿತ್ತು' ಅನ್ನುವುದು ಎಲ್ಲ ಸಲವೂ ಸಾಕಾಗುವುದಿಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಎಂಬ ಒಪ್ಪಂದ ಇದೆ, 1973ರಲ್ಲಿ ಸಹಿಯಾಗಿ 1975ರಿಂದ ಜಾರಿಯಲ್ಲಿದೆ. ಗಟ್ಟಿ ಹವಳಗಳು, ಕಡಲಾಮೆಯ ಚಿಪ್ಪು, ನಾಟಿಲಸ್ ಎಂಬ ಕಡಲಜೀವಿಯ ಸುರುಳಿ ಚಿಪ್ಪು, ದಂತ ಎಲ್ಲ ಇದರ ಪಟ್ಟಿಯಲ್ಲಿವೆ. ಅದರ ಮೇಲೆ ಒಂದೊಂದು ದೇಶಕ್ಕೂ ಅದರದೇ ಕಾನೂನು. ಅಮೆರಿಕದ 1918ರ ವಲಸೆ ಹಕ್ಕಿ ಕಾಯ್ದೆಯ ಪ್ರಕಾರ ಅಲ್ಲಿನ ಹೆಚ್ಚಿನ ಕಾಡುಹಕ್ಕಿಗಳ ಗರಿ ನೆಲದಲ್ಲಿ ಬಿದ್ದಿದ್ದರೂ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಪ್ರಾಣಿ, ಹಕ್ಕಿ, ಹವಳದ ಯಾವುದೇ ಭಾಗ ಇದ್ದರೆ ನಿಮ್ಮಲ್ಲಿನ ಅರಣ್ಯ ಅಥವಾ ವನ್ಯಜೀವಿ ಇಲಾಖೆಯನ್ನು ಮೊದಲೇ ವಿಚಾರಿಸಿ. ಸಂಶಯ ಇದ್ದರೆ ಬಿಟ್ಟುಬಿಡಿ.

ಹಾಗಂತ ಪ್ರದರ್ಶನ ಬಡವಾಗುವುದಿಲ್ಲ. ಲಿಯೋಪೋಲ್ಡ್ ಮತ್ತು ರುಡಾಲ್ಫ್ ಬ್ಲಾಶ್ಕಾ ಎಂಬ ತಂದೆ ಮಗ 1887ರಿಂದ 1936ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಗಾಜಿನಲ್ಲೇ ಗಿಡ, ಹೂವು ಮಾಡಿದರು. ತಂದೆ ತೀರಿಕೊಂಡ ಮೇಲೂ ಮಗ ಮುಂದುವರಿಸಿದ. ನಿಜವಾದ ಹೂವಿಗಿಂತ ಆ ಗಾಜಿನ ಹೂವನ್ನೇ ಜನ ಜಾಸ್ತಿ ಹೊತ್ತು ನಿಂತು ನೋಡುತ್ತಾರೆ. ಕಾಗದ, ಮೇಣ, ದಾರ, ಅಚ್ಚು ಏನಾದರೂ ಸೈ.

ಹಳೆಯ ಸ್ಟಫ್ ಮಾಡಿದ ಪ್ರಾಣಿ ಎರವಲು ತರುವುದಾದರೆ ಎಚ್ಚರ. ಹುಳ ಹಿಡಿಯದಿರಲಿ ಅಂತ ಚರ್ಮದ ಒಳಗೆ ಆರ್ಸೆನಿಕ್ ಸೋಪು ಬಳಿಯುವ ಪದ್ಧತಿ 18ನೇ ಶತಮಾನದಲ್ಲಿ ಶುರುವಾಗಿ 20ನೇ ಶತಮಾನದಲ್ಲೂ ಬಹಳ ಕಾಲ ನಡೆಯಿತು. ಬರಿಗೈಯಲ್ಲಿ ಮುಟ್ಟಬೇಡಿ, ಕೂದಲು ಕೊಡವಬೇಡಿ, ಗಾಜಿನ ಒಳಗೇ ಇಡಿ. ಆಲ್ಕೋಹಾಲ್‌ನಲ್ಲಿ ಮುಳುಗಿಸಿಟ್ಟ ಮಾದರಿಗಳಿದ್ದರೆ ಅದು ಬೆಂಕಿಯ ವಿಷಯ, ಜಾಗದವರಿಗೆ ಮೊದಲೇ ತಿಳಿಸಿ. ಮಾದರಿ ಕೆಡದಿರಲಿ ಅಂತ ಬಳಸುವ ವಿಷದ ದ್ರಾವಣ ಫಾರ್ಮಾಲಿನ್ ಅಂತೂ ಬೇಡವೇ ಬೇಡ.

ದುಡ್ಡಿನ ಮೂಲವೂ ಈ ಪ್ರಶ್ನೆಯ ಭಾಗ. ಬ್ರಿಟಿಷ್ ಮ್ಯೂಸಿಯಂ ಶುರುವಾದದ್ದು 1753ರಲ್ಲಿ, ಹ್ಯಾನ್ಸ್ ಸ್ಲೋನ್ ಎಂಬ ವೈದ್ಯನ ಸಂಗ್ರಹದಿಂದ. ಅವನ ಸಂಪತ್ತಿನ ಒಂದು ಪಾಲು ಗುಲಾಮರು ದುಡಿಯುತ್ತಿದ್ದ ಜಮೈಕಾದ ಸಕ್ಕರೆ ತೋಟಗಳದ್ದು. 2020ರಲ್ಲಿ ಮ್ಯೂಸಿಯಂನವರು ಅವನ ಮೂರ್ತಿಯನ್ನು ಪೀಠದಿಂದ ಇಳಿಸಿ, ಈ ವಿವರಗಳ ಜೊತೆ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನಿಮ್ಮ ಗುಂಪಿನಲ್ಲಿ ಯಾರಾದರೂ ಈ ಎಳೆ ಹಿಡಿದರೆ ತಡೆಯಬೇಡಿ.

5. ಹುಳ, ಹುಳಿ ಗಾಳಿ, ಬೆಳಕು

ಗೂಡು, ಗರಿ, ಬೀಜ, ಒಣ ಹೂವು ತಂದರೆ ಜೊತೆಗೆ ಹುಳವೂ ಬರುತ್ತದೆ. ಗಾಳಿಯಾಡದ ಹಾಗೆ ಪಾಲಿಥೀನ್ ಚೀಲದಲ್ಲಿ ಸುತ್ತಿ, ಮೈನಸ್ 20 ಡಿಗ್ರಿ ಫ್ರೀಜರ್‌ನಲ್ಲಿ ಒಂದರಿಂದ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ವಸ್ತುವಿನ ಮೇಲೇ ನೀರು ಕೂರುತ್ತದೆ. ಅಕ್ರಿಲಿಕ್ ಬಣ್ಣ ಹಚ್ಚಿದ ಕೃತಿಯನ್ನು ಮಾತ್ರ ಫ್ರೀಜರ್‌ಗೆ ಹಾಕಬೇಡಿ, ಚಳಿಗೆ ಆ ಬಣ್ಣ ಪೆಡಸಾಗಿ ಬಿರುಕು ಬಿಡಬಹುದು.

ಚಿಪ್ಪಿನ ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಚೆಂದದ ಓಕ್ ಮರದ ಡ್ರಾಯರ್, ಒಳಗೆ ಚಿಪ್ಪು, ಮೇಲೆ ಬಿಗಿಯಾದ ಗಾಜು. ನೋಡಲು ಬಲು ಚೆನ್ನ. ಆದರೆ ಓಕ್, ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಇವೆಲ್ಲ ಹುಳಿ ಆವಿ ಬಿಡುತ್ತವೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಜಾತಿ. ಮುಚ್ಚಿದ ಪೆಟ್ಟಿಗೆಯಲ್ಲಿ ತೇವವೂ ಸೇರಿದರೆ ಆ ಆವಿ ಚಿಪ್ಪನ್ನು ತಿನ್ನುತ್ತದೆ. ಮೊದಲು ಹೊಳಪು ಹೋಗುತ್ತದೆ, ಆಮೇಲೆ ಮೇಲ್ಮೈಯಲ್ಲಿ ಬಿಳಿ ಪುಡಿ ಏಳುತ್ತದೆ, ಬೂಷ್ಟು ಬಂದ ಹಾಗೆ ಕಾಣುತ್ತದೆ, ಮೂಸಿದರೆ ವಿನೆಗರ್ ವಾಸನೆ. ಇದಕ್ಕೆ ಬೈನ್ ರೋಗ ಅಂತ ಹೆಸರು. ಹೋದ ಹೊಳಪು ವಾಪಸ್ ಬರುವುದಿಲ್ಲ. ಲೋಹ, ಗಾಜು, ಅಕ್ರಿಲಿಕ್ ಹಾಳೆ, ಆಮ್ಲರಹಿತ ರಟ್ಟು ಬಳಸಿ. ಮರವೇ ಬೇಕಿದ್ದರೆ ಒಳಗೆ ರಟ್ಟು ಹಾಸಿ, ಗಾಳಿಯಾಡಲು ಜಾಗ ಬಿಡಿ. ಪೆಟ್ಟಿಗೆಗೆ ಬಣ್ಣ ಹೊಡೆದಿದ್ದರೆ ಕೆಲವು ವಾರ ಒಣಗಲಿ.

ಬೆಳಕಿಗೆ ಒಂದೇ ಲೆಕ್ಕ: ಕಾಗದ, ಜಲವರ್ಣ, ಗರಿ, ಕೀಟ, ಬಟ್ಟೆಗೆ 50 ಲಕ್ಸ್ (ಬೆಳಕಿನ ಅಳತೆ) ಸುತ್ತಮುತ್ತ. ತೈಲವರ್ಣಕ್ಕೆ 150ರಿಂದ 200. ಮೊಬೈಲ್ ಆ್ಯಪ್‌ನಿಂದ ಅಂದಾಜು ಅಳೆಯಬಹುದು. ಕಿಟಕಿಯ ನೇರ ಬಿಸಿಲು ಬೇಡ. 50 ಲಕ್ಸ್ ಅಂದರೆ ಕತ್ತಲೆ ಅನಿಸುತ್ತದಲ್ಲ ಅಂತ ಕೇಳುತ್ತಾರೆ. ಇಡೀ ಕೋಣೆಯನ್ನೇ ಮಂದ ಮಾಡಿ, ಕಣ್ಣು ಹೊಂದಿಕೊಳ್ಳುತ್ತದೆ. ಕೌತುಕದ ಕೋಣೆಗೆ ಅದೇ ಚೆಂದ ಕೂಡ.

6. ಜೋಡಣೆ

ಜಾಗದ ಅಳತೆ ತೆಗೆದುಕೊಂಡು ನಕ್ಷೆ ಬರೆಯಿರಿ: ಗೋಡೆ, ಬಾಗಿಲು, ಸ್ವಿಚ್ಚು, ಪ್ಲಗ್ಗು, ಚಾವಣಿಯ ಕೊಕ್ಕೆಗಳು. ಎಲ್ಲ ಕೃತಿಗಳ ಫೋಟೋಗಳನ್ನು ಒಂದೇ ಪ್ರಮಾಣದಲ್ಲಿ ಪ್ರಿಂಟ್ ಹಾಕಿ, ಕತ್ತರಿಸಿ, ಮೇಜಿನ ಮೇಲೆ ಹರಡಿ. ಇಸ್ಪೀಟು ಎಲೆ ಕಲಸಿದ ಹಾಗೆ ಮತ್ತೆ ಮತ್ತೆ ಜೋಡಿಸಿ ನೋಡಿ.

ಯಾವ ನಿಯಮದ ಮೇಲೆ ಜೋಡಿಸುವುದು? ಹಳೆಯ ಸಂಗ್ರಹಗಳಲ್ಲಿ ಪ್ರಕೃತಿಯದ್ದು, ಮನುಷ್ಯ ಮಾಡಿದ್ದು, ಅಳೆಯುವ ಉಪಕರಣ, ದೂರದೇಶದ್ದು ಅಂತ ವಿಂಗಡಣೆ ಇರುತ್ತಿತ್ತು. ನೀವು ಬಣ್ಣದ ಮೇಲೆ ಹೋಗಬಹುದು, ಗಾತ್ರದ ಮೇಲೆ, ವಸ್ತು ಸಿಕ್ಕ ಜಾಗದ ಎತ್ತರದ ಮೇಲೆ, ಎಷ್ಟು ಬೇಗ ಕೊಳೆಯುತ್ತದೆ ಅನ್ನುವುದರ ಮೇಲೆ. ಕಲಾವಿದರ ಹೆಸರಿನ ಮೇಲಂತೂ ಜೋಡಿಸಬೇಡಿ. ಅಮೆರಿಕದ ಕಲಾವಿದ ಮಾರ್ಕ್ ಡಿಯಾನ್ 1999ರಲ್ಲಿ ಸ್ವಯಂಸೇವಕರ ಜೊತೆ ಲಂಡನ್ನಿನ ಥೇಮ್ಸ್ ದಡದಲ್ಲಿ ಸಿಕ್ಕಿದ್ದನ್ನೆಲ್ಲ ಆಯ್ದು, ತೊಳೆದು, ದೊಡ್ಡ ಕಪಾಟಿನಲ್ಲಿ ಇಟ್ಟ. ಕಾಲದ ಲೆಕ್ಕ ಇಲ್ಲ. ಹಳೆಯ ಮಡಕೆ ಚೂರಿನ ಜೊತೆ ನಿನ್ನೆಯ ಪ್ಲಾಸ್ಟಿಕ್. ನೋಡುವವರು ಡ್ರಾಯರ್‌ಗಳನ್ನು ತಾವೇ ಎಳೆದು ನೋಡಬಹುದಿತ್ತು.

ಎರಡು ವಸ್ತು ಪಕ್ಕಪಕ್ಕ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ಅತಿ ಗಟ್ಟಿ ಉದಾಹರಣೆ ಅಮೆರಿಕದ ಕಲಾವಿದ ಫ್ರೆಡ್ ವಿಲ್ಸನ್‌ದು. 1992ರಲ್ಲಿ ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯ ಉಗ್ರಾಣದಲ್ಲಿದ್ದದ್ದನ್ನೇ ಬಳಸಿ ಪ್ರದರ್ಶನ ಮಾಡಿದ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಕುಸುರಿ ಕೆಲಸದ ಬೆಳ್ಳಿ ಪಾತ್ರೆಗಳು, ಅವುಗಳ ನಡುವೆ ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ. ಲೇಬಲ್‌ನಲ್ಲಿ ಬರೆದದ್ದು 'ಲೋಹದ ಕೆಲಸ, 1793-1880' ಅಂತ, ಅಷ್ಟೇ. ಹೊಸದಾಗಿ ಏನನ್ನೂ ಮಾಡಲಿಲ್ಲ, ಜಾಗ ಬದಲಿಸಿದ.

ಹಾಗಾಗಿ ಪ್ರತಿ ಕೃತಿಗೂ ಕೇಳಿಕೊಳ್ಳಿ: ಇದರ ಎಡಕ್ಕೆ ಏನಿದೆ, ಬಲಕ್ಕೆ ಏನಿದೆ, ಇದರ ಹಿಂದೆ ದೂರದಲ್ಲಿ ಏನು ಕಾಣುತ್ತದೆ? ಒಂದೇ ರೀತಿಯ ಎರಡು ಅಕ್ಕಪಕ್ಕ ಬಂದರೆ ಎರಡೂ ಮಂಕಾಗುತ್ತವೆ. ಜೇಡನ ಚಿತ್ರದ ಪಕ್ಕ ಇನ್ನೊಂದು ಜೇಡನ ಬದಲು ಕಸೂತಿ ಇಡಿ. ಒಂದು ಗೋಡೆಯನ್ನು ಪೂರ್ತಿ ತುಂಬಿಸಿ, ಎದುರಿನ ಗೋಡೆಯಲ್ಲಿ ಅಂಗೈಯಷ್ಟಗಲದ ಒಂದೇ ಕೃತಿ ಬಿಡಿ. ಚಾವಣಿ ಮರೆಯಬೇಡಿ, ಆದರೆ ತೂಗುಹಾಕುವ ಕೊಕ್ಕೆ ಭಾರ ತಡೆಯುತ್ತದೆಯೇ ಅಂತ ಬಲ್ಲವರಿಂದ ತೋರಿಸಿಕೊಳ್ಳಿ.

ಸಾಮಾನ್ಯವಾಗಿ ಚಿತ್ರದ ನಡುಭಾಗ ನೆಲದಿಂದ 145ರಿಂದ 155 ಸೆಂಟಿಮೀಟರ್ ಎತ್ತರಕ್ಕೆ ಬರಬೇಕು. ತುಂಬಿದ ಗೋಡೆಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಸೂಕ್ಷ್ಮವಾದದ್ದು ಕಣ್ಣಿನ ಮಟ್ಟದಲ್ಲಿ, ದೊಡ್ಡದು ಮೇಲೆ. ಮೊಣಕಾಲೆತ್ತರದಲ್ಲಿ ಮಕ್ಕಳಿಗೆ ಮಾತ್ರ ಕಾಣುವ ಹಾಗೆ ಒಂದೆರಡು ಬಚ್ಚಿಡಿ. ಗಾಜಿನ ಪೆಟ್ಟಿಗೆಗಳ ಎತ್ತರ ಗಾಲಿಕುರ್ಚಿಯಲ್ಲಿ ಬರುವವರಿಗೂ ಸರಿಹೋಗಲಿ, ಓಡಾಡುವ ದಾರಿ ಒಂದು ಮೀಟರ್‌ಗಿಂತ ಕಡಿಮೆ ಆಗದಿರಲಿ. ಮೊಳೆ ಹೊಡೆಯುವ ಮೊದಲು ಕಾಗದದ ಮಾದರಿಯನ್ನು ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಬಂದು ನೋಡಿ. ರಸಮಟ್ಟ ಇಟ್ಟುಕೊಳ್ಳಿ, ಕಣ್ಣಳತೆ ನಂಬಬೇಡಿ.

ಭೂತಗನ್ನಡಿ, ಎಳೆಯುವ ಡ್ರಾಯರ್, ಇಣುಕುವ ತೂತು ಇವುಗಳಲ್ಲಿ ಒಂದಾದರೂ ಇರಲಿ. ಕೈಗೆ ಏನಾದರೂ ಕೆಲಸ ಸಿಕ್ಕರೆ ಜನ ನಿಲ್ಲುತ್ತಾರೆ. ಡ್ರಾಯರ್‌ಗೆ ತಡೆ ಹಾಕಿ, ಪೂರ್ತಿ ಕಿತ್ತು ಬರಬಾರದು.

7. ಲೇಬಲ್

ಕೃತಿಯ ಹೆಸರು, ಯಾರದು, ಯಾವುದರಿಂದ ಮಾಡಿದ್ದು, ವರ್ಷ. ಅದರ ಕೆಳಗೆ ಹೆಚ್ಚೆಂದರೆ ನಾಲ್ಕು ಸಾಲು. ನೋಡಿದರೆ ಗೊತ್ತಾಗುವುದನ್ನು ಬರೆಯಬೇಡಿ, ನೋಡಿದರೆ ಗೊತ್ತಾಗದ್ದನ್ನು ಬರೆಯಿರಿ. 'ಪ್ರಕೃತಿ ಮತ್ತು ಮಾನವನ ನಡುವಿನ ಅನುಸಂಧಾನ' ಅಂತ ಬರೆದರೆ ಯಾರೂ ಓದುವುದಿಲ್ಲ. ಹೀಗೆ ಬರೆದು ನೋಡಿ: 'ಜೇನುತಟ್ಟಿಯ ಚೂರು, ಮೇಣ, ಚಿನ್ನದ ರೇಕು. ಕಿಟಕಿ ದುರಸ್ತಿಗೆ ಬಂದವರು ಇದನ್ನು ಎಸೆಯಲು ಹೊರಟಿದ್ದರು. ಒಳಗೆ ಮೂರು ಹುಳು ಇನ್ನೂ ಇವೆ.' ಓದಿದವರು ಬಗ್ಗಿ ಹುಳು ಹುಡುಕದೆ ಹೋಗುವುದಿಲ್ಲ.

ಅಕ್ಷರ 18 ಪಾಯಿಂಟ್‌ಗಿಂತ ಸಣ್ಣದು ಬೇಡ, ಮಂದ ಬೆಳಕಿದ್ದರೆ ಇನ್ನೂ ದೊಡ್ಡದು. ಕನ್ನಡಕ್ಕೆ ಸಾಲಿನ ನಡುವೆ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆ ಮುಟ್ಟುತ್ತವೆ. ತುಂಬಿದ ಗೋಡೆಗೆ ಲೇಬಲ್ ಹಚ್ಚಬೇಡಿ, ನಂಬರ್ ಹಾಕಿ ಕೈಯಲ್ಲಿ ಹಿಡಿದು ಓದುವ ಹಾಳೆ ಕೊಡಿ.

8. ಕಾಗದಪತ್ರ, ಪ್ರಚಾರ, ಉದ್ಘಾಟನೆ

ಸ್ನೇಹಿತರೇ ಆದರೂ ಬರವಣಿಗೆಯಲ್ಲಿ ಒಪ್ಪಂದ ಇರಲಿ. ಸಾಗಣೆ ಖರ್ಚು ಯಾರದು, ಮಾರಾಟವಾದರೆ ಯಾರಿಗೆ ಎಷ್ಟು, ಒಡೆದರೆ ಯಾರು ಹೊಣೆ, ವಿಮೆ ಇದೆಯೇ, ಫೋಟೋ ಬಳಸಬಹುದೇ. ಎರವಲು ತಂದ ವಸ್ತುಗಳಿಗೆ ಬೇರೆ ಪಟ್ಟಿ, ಅವು ಮಾರಾಟಕ್ಕಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ.

ಪೋಸ್ಟರ್‌ಗೆ ಎಲ್ಲರ ಕೃತಿ ತುರುಕಬೇಡಿ, ಒಂದೇ ಚಿತ್ರ ಸಾಕು. ಉದ್ಘಾಟನೆಯಲ್ಲಿ ಭಾಷಣ ಕಡಿಮೆ ಮಾಡಿ, ಇಂಪೆರಾಟೊನ ಕೋಣೆಯ ಹಾಗೆ ಒಬ್ಬರು ಜನರನ್ನು ಸುತ್ತಾಡಿಸಿ ತೋರಿಸಲಿ. ಪ್ರದರ್ಶನದ ನಡುವೆ ಒಂದು ದಿನ, ಬಂದವರು ತಮ್ಮಲ್ಲಿರುವ ಒಂದು ವಸ್ತು ತಂದು ಅದರ ಬಗ್ಗೆ ಹೇಳುವ ಕಾರ್ಯಕ್ರಮ ಇಡಿ. ಅದಕ್ಕೆ ಬರುವಷ್ಟು ಜನ ಉದ್ಘಾಟನೆಗೆ ಬರದಿದ್ದರೂ ಆಶ್ಚರ್ಯವಿಲ್ಲ.

9. ಬಿಚ್ಚುವ ದಿನ

ಪ್ರತಿ ವಸ್ತು ಒಳಗೆ ಬಂದ ದಿನವೇ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಇದ್ದ ಬಿರುಕು, ಕಲೆ ಗುರುತು ಹಾಕಿಡಿ. ಹೊರಗೆ ಹೋಗುವಾಗ ಅದೇ ಹಾಳೆ ಹಿಡಿದು ಮಾಲೀಕರ ಎದುರೇ ಹೋಲಿಸಿ, ಸಹಿ ಹಾಕಿಸಿಕೊಳ್ಳಿ. ಗರಿ, ಕೀಟ, ಗೂಡಿನ ಪೆಟ್ಟಿಗೆಗಳ ಮೂಲೆಯಲ್ಲಿ ಸಣ್ಣ ಪುಡಿ ಉದುರಿದೆಯೇ ನೋಡಿ. ಉದುರಿದ್ದರೆ ಹುಳ ಇದೆ ಅಂತ ಲೆಕ್ಕ, ಅದನ್ನು ಬೇರೆ ಇಟ್ಟು ಮತ್ತೆ ಫ್ರೀಜರ್‌ಗೆ ಹಾಕಿಯೇ ವಾಪಸ್ ಕಳಿಸಿ. ಚಿಪ್ಪುಗಳನ್ನು ಹತ್ತಿಯಲ್ಲಿ ನೇರವಾಗಿ ಸುತ್ತಬೇಡಿ, ಮುಳ್ಳು ಸಿಕ್ಕಿಹಾಕಿಕೊಂಡು ಮುರಿಯುತ್ತದೆ, ಮೊದಲು ಟಿಶ್ಯೂ ಕಾಗದ. ಅದಲುಬದಲಿನ ವಸ್ತುಗಳು ಯಾರಿಂದ ಬಂದವೋ ಅವರಿಗೇ ಹೋಗಬೇಕು, ಅದನ್ನು ಆಧರಿಸಿ ಮಾಡಿದ ಕೃತಿ ಮಾರಾಟವಾಗಿದ್ದರೂ ಸರಿ.